ಸಸ್ಯದ ಈಸ್ಟ್ರೋಜನ್ ಕ್ಯಾಪ್ಸೂಲ್: ಡಬ್ಬಿಯ ಹಿಂಬದಿ ಓದಿದಿರಾ?

ಪ್ರಶ್ನೆ: ನನಗೆ 50 ವರ್ಷ. ಉಡುಪಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಮುಟ್ಟು ನಿಂತು 14 ತಿಂಗಳಾಯಿತು. ದಿನಕ್ಕೆ ಏಳೆಂಟು ಸಲ ಎದೆಯಿಂದ ಮುಖಕ್ಕೆ ಬಿಸಿ ಏರಿ ಬೆವರು ಸುರಿಯುತ್ತದೆ. ರಾತ್ರಿ ಎರಡು ಸಲ ಎದ್ದು ನೈಟಿ ಬದಲಾಯಿಸುತ್ತೇನೆ. ನಮ್ಮ ಭಜನಾ ಮಂಡಳಿಯ ಒಬ್ಬರು "ಪೂರ್ತಿ ಗಿಡಮೂಲಿಕೆ, ಸಸ್ಯದ ಈಸ್ಟ್ರೋಜನ್, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ" ಅಂತ ಒಂದು ಕ್ಯಾಪ್ಸೂಲ್ ಕೊಟ್ಟರು. ಮೇ ಕೊನೆಯಿಂದ ದಿನಕ್ಕೆ ಎರಡು ತೆಗೆದುಕೊಳ್ಳುತ್ತಿದ್ದೇನೆ. ಮರೆತು ಹೋಗಬಾರದು ಅಂತ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗುತ್ತೇನೆ. ಮೂರು ವಾರಕ್ಕೆ ಸ್ವಲ್ಪ ಹಗುರವಾದ ಹಾಗೆ ಕಾಣುತ್ತದೆ. ಇದು ನಿಜಕ್ಕೂ ಒಳ್ಳೆಯದಾ? ಕ್ಯಾನ್ಸರ್ ಬರುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಈಗಲೂ ಮಾತ್ರೆಯಲ್ಲಿದ್ದಾರೆ, ಅವರಿಗೂ ಬಿಸಿ ಏರುತ್ತದೆ, ಕೊಡಬಹುದಾ? ಮಗಳಿಗೆ 24, ಪಿಸಿಓಡಿ ಇದೆ. ಅವಳಿಗೂ ಇದೇ ಆಗುತ್ತದಂತೆ. ಲೇಬಲ್ಲಿನ ಫೋಟೊ ಕಳಿಸಿದ್ದೇನೆ.

ಉತ್ತರ: ಫೋಟೊ ಕಳಿಸಿದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಹೆಚ್ಚಿನವರು ಬಂದು ಹೇಳುವುದು ಇಷ್ಟೇ: "ಹಸಿರು ಡಬ್ಬಿ ಡಾಕ್ಟ್ರೆ, ಬಿಳಿ ಮುಚ್ಚಳ. ಒಳಗೆ ಎಂತ ಉಂಟು ಗೊತ್ತಿಲ್ಲ." ಆಗ ನಾನೂ ಸುಮ್ನೆ ತಲೆ ಆಡಿಸಬೇಕಷ್ಟೆ.

ನಿಮ್ಮ ಡಬ್ಬಿಯ ಮುಂಬದಿಯಲ್ಲಿ ದೊಡ್ಡ ಹೂವು, ನಗುವ ಹೆಂಗಸು. ವಿಷಯ ಇರುವುದು ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ. ಒಂದು ಕ್ಯಾಪ್ಸೂಲಿನಲ್ಲಿ ಸೋಯಾ ಎಕ್ಸ್‌ಟ್ರಾಕ್ಟ್ 125 ಮಿ.ಗ್ರಾಂ, ಅದರಲ್ಲಿ ಐಸೊಫ್ಲೇವೋನ್ (ಸೋಯಾದ 'ಸಸ್ಯದ ಈಸ್ಟ್ರೋಜನ್' ಅಂದರೆ ಇದೇ) ಶೇಕಡಾ 40. ರೆಡ್ ಕ್ಲೋವರ್ ಎಕ್ಸ್‌ಟ್ರಾಕ್ಟ್ 250 ಮಿ.ಗ್ರಾಂ, ಶೇಕಡಾ ಎಷ್ಟು ಅಂತ ಬರೆದಿಲ್ಲ. ಬ್ಲ್ಯಾಕ್ ಕೊಹೋಶ್ 40, ಶತಾವರಿ 100, ಅಗಸೆ ಬೀಜದ ಪುಡಿ 50.

ನೀವು ಟೀಚರ್, ಲೆಕ್ಕ ಮಾಡಿ ನೋಡೋಣ. 125ರಲ್ಲಿ ಶೇಕಡಾ 40 ಅಂದರೆ 50 ಮಿ.ಗ್ರಾಂ. ದಿನಕ್ಕೆ ಎರಡು ನುಂಗಿದರೆ 100. ರೆಡ್ ಕ್ಲೋವರಿನಲ್ಲೂ ಇರುವುದು ಅದೇ ಕುಟುಂಬದ ಐಸೊಫ್ಲೇವೋನ್. ಮಾರುಕಟ್ಟೆಯಲ್ಲಿ ಶೇಕಡಾ 8ರ ಎಕ್ಸ್‌ಟ್ರಾಕ್ಟ್ ಸಾಮಾನ್ಯ. ಇದೂ ಅದೇ ಆಗಿದ್ದರೆ ಒಂದರಲ್ಲಿ 20, ಎರಡರಲ್ಲಿ 40. ಒಟ್ಟು 140 ಮಿ.ಗ್ರಾಂ. ಜಪಾನಿನಲ್ಲಿ ತಲೆಮಾರುಗಳಿಂದ ಸೋಯಾ ತಿಂದುಕೊಂಡು ಬಂದವರ ಹೊಟ್ಟೆಗೆ ಊಟದಿಂದ ಹೋಗುವುದು ದಿನಕ್ಕೆ ಸುಮಾರು 25ರಿಂದ 50 ಮಿ.ಗ್ರಾಂ. ಅಂದರೆ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಮೂರು ಜಪಾನಿ ಹೆಂಗಸರ ಪಾಲು ನಿಮ್ಮ ಹೊಟ್ಟೆ ಸೇರಿರುತ್ತದೆ. ಈ 140 ಅನ್ನುವ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಸಸ್ಯದ ಈಸ್ಟ್ರೋಜನ್ ಅಂದರೆ ಎಂತ? ಗಿಡಗಳಿಗೆ ಮುಟ್ಟೂ ಇಲ್ಲ, ಹೆರಿಗೆಯೂ ಇಲ್ಲ. ಕೀಟ, ಬೂಸ್ಟುಗಳಿಂದ ತಪ್ಪಿಸಿಕೊಳ್ಳಲು, ಬೇರಿನ ಬ್ಯಾಕ್ಟೀರಿಯಾವನ್ನು ಕರೆಯಲು ಅವು ಮಾಡಿಕೊಳ್ಳುವ ಕೆಲವು ವಸ್ತುಗಳ ಆಕಾರ ನಮ್ಮ ಈಸ್ಟ್ರೋಜನ್‌ಗೆ ಹೋಲುತ್ತದೆ. ಅಷ್ಟೇ ಸಂಬಂಧ. ನಮ್ಮ ಜೀವಕೋಶಗಳಲ್ಲಿ ಈಸ್ಟ್ರೋಜನ್ ಕೂರಲು ಸೀಟುಗಳಿವೆ, ರಿಸೆಪ್ಟರ್ ಅನ್ನುತ್ತೇವೆ. ಇವೂ ಹೋಗಿ ಅಲ್ಲಿ ಕೂರುತ್ತವೆ.

ಉಡುಪಿಯಿಂದ ಕುಂದಾಪುರಕ್ಕೆ ಹೊರಟ ಬಸ್ಸು ಅಂದುಕೊಳ್ಳಿ. ಈಸ್ಟ್ರೋಜನ್ ಫುಲ್ ಟಿಕೆಟಿನ ಪ್ರಯಾಣಿಕ. ಸಸ್ಯದ್ದು ಅರ್ಧ ಟಿಕೆಟಿನ ಮಗು. ನಿಜ ಹೇಳಬೇಕೆಂದರೆ ಅರ್ಧವೂ ಅಲ್ಲ, ಅದರ ಬಲ ನೂರಾರು ಪಾಲು ಕಡಿಮೆ. ಬಸ್ಸು ತುಂಬಿರುವಾಗ ಮಗು ಒಂದು ಸೀಟು ಹಿಡಿದರೆ ಫುಲ್ ಟಿಕೆಟಿನವರು ಒಬ್ಬರು ನಿಲ್ಲಬೇಕು, ಕಲೆಕ್ಷನ್ ಇಳಿಯುತ್ತದೆ. ಖಾಲಿ ಬಸ್ಸಿಗೆ ಅದೇ ಮಗು ಹತ್ತಿದರೆ ಕಂಡಕ್ಟರಿಗೆ ಅಷ್ಟಾದರೂ ಸಿಕ್ಕಿತು. ಮುಟ್ಟು ಇರುವವರಲ್ಲಿ ಒಂದು ರೀತಿ, ನಿಂತವರಲ್ಲಿ ಇನ್ನೊಂದು ರೀತಿ ಇದು ಕೆಲಸ ಮಾಡುವುದು ಹೀಗೆ. ಆದರೆ ಅರ್ಧ ಟಿಕೆಟಿನವರೇ ಶಾಲೆಯ ಟ್ರಿಪ್ಪಿನ ಹಾಗೆ ಒಟ್ಟಿಗೆ ಹತ್ತಿದರೆ? ಬಸ್ಸು ತುಂಬಿಯೇ ತುಂಬುತ್ತದೆ. ಊಟದ ಸೋಯಾಕ್ಕೂ ಕ್ಯಾಪ್ಸೂಲಿನ ಸೋಯಾಕ್ಕೂ ಇರುವ ವ್ಯತ್ಯಾಸ ಅದು.

ಸೀಟುಗಳಲ್ಲೂ ಎರಡು ಬಗೆ. ಆಲ್ಫಾ ಅನ್ನುವುದು ಸ್ತನ, ಗರ್ಭಕೋಶಗಳಲ್ಲಿ ಜಾಸ್ತಿ. ಇನ್ನೊಂದು ಬೀಟಾ, ಅದು ಇದೆ ಅಂತ ಗೊತ್ತಾದದ್ದೇ 1996ರಲ್ಲಿ. ಸೋಯಾದ ಐಸೊಫ್ಲೇವೋನ್ ಬೀಟಾಕ್ಕೆ ಹೆಚ್ಚು ಒಲಿಯುತ್ತದೆ. ಹಾಗಾಗಿಯೇ ಇದು ಆಸ್ಪತ್ರೆಯಲ್ಲಿ ಕೊಡುವ ಹಾರ್ಮೋನಿನ ಹಾಗೆ ಇಡೀ ಮೈಮೇಲೆ ಒಂದೇ ಸಮ ಕೆಲಸ ಮಾಡುವುದಿಲ್ಲ. ಮಾರುವವರು ಇಲ್ಲಿಯವರೆಗೆ ಹೇಳಿ ನಿಲ್ಲಿಸುತ್ತಾರೆ. ಪ್ರಮಾಣ ಹೆಚ್ಚಿದರೆ ಆಲ್ಫಾದ ಸೀಟಿಗೂ ಹೋಗಿ ಕೂರುತ್ತದೆ ಅನ್ನುವುದನ್ನು ಬಿಡುತ್ತಾರೆ.

ನನಗೆ ಇಷ್ಟದ ಒಂದು ಕುರಿಯ ಕಥೆ ಇದೆ, ಹೇಳದೆ ಬಿಡುವುದಿಲ್ಲ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಗಳು ಗಬ್ಬ ನಿಲ್ಲುವುದೇ ಕಡಿಮೆಯಾಯಿತು. ಸಾಕಿದವರು ತಲೆ ಮೇಲೆ ಕೈ ಹೊತ್ತರು. ಹುಡುಕಿದಾಗ ಸಿಕ್ಕಿದ್ದು ಅವು ಮೇಯುತ್ತಿದ್ದ ಕ್ಲೋವರ್ ಸೊಪ್ಪು. ಅದರಲ್ಲಿದ್ದ ಫಾರ್ಮೊನೊನೆಟಿನ್ ಅನ್ನುವ ಐಸೊಫ್ಲೇವೋನ್ ಕುರಿಯ ಹೊಟ್ಟೆಯಲ್ಲಿ ಇನ್ನೂ ಬಲವಾದ ಇಕ್ವಾಲ್ ಆಗಿ ಬದಲಾಗುತ್ತಿತ್ತು. ಬೆಳಗಿನಿಂದ ಸಂಜೆವರೆಗೆ ಅದೊಂದನ್ನೇ ಮೇದರೆ ಇನ್ನೇನಾಗುತ್ತದೆ? ನಿಮ್ಮ ಲೇಬಲ್ಲಿನ ರೆಡ್ ಕ್ಲೋವರ್ ಅದೇ ಸೊಪ್ಪಿನ ದಾಯಾದಿ, ಅದರಲ್ಲೂ ಫಾರ್ಮೊನೊನೆಟಿನ್ ಇದೆ. ನೀವು ಕುರಿ ಅಲ್ಲ, ಹುಲ್ಲುಗಾವಲಲ್ಲಿ ಮೇಯುವುದೂ ಇಲ್ಲ, ಹೆದರಬೇಡಿ. 'ಗಿಡದ್ದು ತಾನೇ, ಏನೂ ಮಾಡುವುದಿಲ್ಲ' ಅನ್ನುವವರಿಗೆ ಮಾತ್ರ ಈ ಕಥೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಬಿಸಿ ಏರುವುದು ಇದರಿಂದ ಕಡಿಮೆಯಾಗುತ್ತದಾ? ಸ್ವಲ್ಪ. ಎಲ್ಲರಿಗೂ ಅಲ್ಲ. ಬೇಗನೂ ಅಲ್ಲ.

ಹಲವು ಪ್ರಯೋಗಗಳನ್ನು ಒಟ್ಟು ಹಾಕಿ 2012ರಲ್ಲಿ ಒಂದು ಲೆಕ್ಕ ಬಂತು. ದಿನಕ್ಕೆ ಸುಮಾರು 54 ಮಿ.ಗ್ರಾಂ ಐಸೊಫ್ಲೇವೋನ್ ತೆಗೆದುಕೊಂಡವರಲ್ಲಿ, ಔಷಧಿ ಇಲ್ಲದ ಖಾಲಿ ಮಾತ್ರೆ ನುಂಗಿದವರಿಗಿಂತ, ಬಿಸಿ ಏರುವುದು ಶೇಕಡಾ 20ರಷ್ಟು ಹೆಚ್ಚು ಇಳಿದಿತ್ತು. ನಿಮ್ಮ ಏಳೆಂಟು ಸಲದಲ್ಲಿ ಅದು ಒಂದೂವರೆ ಸಲ. ಮರುವರ್ಷ ಇನ್ನೊಂದು ದೊಡ್ಡ ಪರಿಶೀಲನೆ, ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ ಅಂದಿತು. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ, ಬಿಸಿ ಏರುವುದಕ್ಕೆ ಸೋಯಾ, ಬ್ಲ್ಯಾಕ್ ಕೊಹೋಶ್ ಎರಡನ್ನೂ ಶಿಫಾರಸು ಮಾಡುವುದಿಲ್ಲ ಅಂತ ಹೇಳಿತು. ವೈದ್ಯರು ಕೊಡುವ ಈಸ್ಟ್ರೋಜನ್‌ನಿಂದ ಇದೇ ತೊಂದರೆ ಶೇಕಡಾ 75ರಷ್ಟು ಇಳಿಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಖಾಲಿ ಮಾತ್ರೆಯ ವಿಷಯ ಸ್ವಲ್ಪ ಹೇಳಬೇಕು. ಬಿಸಿ ಏರುವ ತೊಂದರೆಯಲ್ಲಿ ಖಾಲಿ ಮಾತ್ರೆಯಿಂದಲೂ ಮೂರರಲ್ಲಿ ಒಂದು ಪಾಲು ಕಡಿಮೆಯಾಗುವುದು ಮಾಮೂಲು. ಅಗಸೆ ಬೀಜದ್ದೇ ಪರೀಕ್ಷೆ ಒಂದು ನಡೆದಿತ್ತು, 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಗಸೆ ಹಾಕಿದ ಬಾರ್, ಇನ್ನೊಂದಕ್ಕೆ ಅಗಸೆ ಇಲ್ಲದ್ದು. ಎರಡೂ ಗುಂಪಿನಲ್ಲಿ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನಕ್ಕೆ ತೊಂದರೆ ಅರ್ಧಕ್ಕಿಳಿದಿತ್ತು. ಅಗಸೆ ಚಟ್ನಿಪುಡಿ ನನಗೂ ಇಷ್ಟ, ಧಾರವಾಡದ ಗೆಳತಿ ಪ್ರತಿ ಸಲ ತರುತ್ತಾಳೆ. ರೊಟ್ಟಿಗೆ ಹಚ್ಚಿಕೊಂಡು ತಿನ್ನಿ, ಹೊಟ್ಟೆಗೆ ಒಳ್ಳೆಯದು. 50 ಮಿ.ಗ್ರಾಂ ಅಗಸೆ ಪುಡಿಯಿಂದ ಏನೂ ಆಗುವುದಿಲ್ಲ, ಅದು ಚಿಟಿಕೆಯೂ ಅಲ್ಲ. ಲೇಬಲ್ಲಿನಲ್ಲಿ ಹೆಸರಿರಲಿ ಅಂತ ಹಾಕಿದ್ದು.

ಹಾಗಾದರೆ ಮೂರು ವಾರಕ್ಕೆ ನಿಮಗೆ ಹಗುರ ಆದದ್ದು ಸುಳ್ಳಾ? ಸುಳ್ಳಲ್ಲ. ಕಾರಣ ಮಾತ್ರ ಬೇರೆ ಇರಬಹುದು. ಸೋಯಾದ ಐಸೊಫ್ಲೇವೋನ್ ತನ್ನ ಪೂರ್ತಿ ಕೆಲಸದ ಅರ್ಧ ತೋರಿಸಲಿಕ್ಕೇ 13 ವಾರ ಬೇಕು ಅಂತ ಒಂದು ಲೆಕ್ಕ ಇದೆ. ನೀವು ಶುರು ಮಾಡಿದ್ದು ಮೇ ಕೊನೆಗೆ. ನಮ್ಮ ಊರಿನ ಮೇ ಹೇಗಿರುತ್ತದೆ, ಮೆನೋಪಾಸ್ ಇಲ್ಲದವರಿಗೂ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುವಷ್ಟು ಸೆಕೆ. ಜೂನಿನಲ್ಲಿ ಮಳೆ ಹಿಡಿಯಿತು. ಫ್ಯಾನನ್ನು ಐದರಿಂದ ಎರಡಕ್ಕೆ ಇಳಿಸಿದಿರಿ, ಅಲ್ವಾ? ಕೋಣೆ ತಂಪಾದರೆ ರಾತ್ರಿಯ ಬೆವರು ಇಳಿಯುತ್ತದೆ. ಅದರ ಪುಣ್ಯ ಕ್ಯಾಪ್ಸೂಲಿನ ಲೆಕ್ಕಕ್ಕೆ ಸೇರಿತು.

ಇನ್ನೂ ಒಂದು ಸಾಧ್ಯತೆ ಇದೆ. ಥೈರಾಯ್ಡ್ ಮಾತ್ರೆಯ ಡೋಸ್ ಒಂದು ಕೂದಲಷ್ಟು ಜಾಸ್ತಿಯಾದರೂ ಬೆವರು, ಎದೆ ಢವಢವ, ನಿದ್ದೆ ಇಲ್ಲ. ಸೋಯಾ ಒಟ್ಟಿಗೆ ಹೋದರೆ ಆ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಜಾಸ್ತಿಯಾಗಿದ್ದ ಡೋಸ್ ಇಳಿದ ಹಾಗಾಗಿ ಬೆವರೂ ಇಳಿಯಬಹುದು. ನಿಮ್ಮಲ್ಲಿ ಅದೇ ನಡೆದಿದೆಯೋ ಏನೋ, ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸದೆ ಹೇಳಲಾಗುವುದಿಲ್ಲ. ಹೇಗೂ ಇರಲಿ, ನಾಳೆಯಿಂದಲೇ ಇವೆರಡನ್ನು ಬೇರೆ ಮಾಡಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ, ಒಂದೇ. ಸೋಯಾ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಯಾವುದಿದ್ದರೂ ನಾಲ್ಕು ಗಂಟೆ ಬಿಟ್ಟು. ಆರೆಂಟು ವಾರ ಹೀಗೆ ಮಾಡಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಸೋಯಾದಿಂದ ಥೈರಾಯ್ಡ್ ಕಾಯಿಲೆಯೇ ಬರುತ್ತದೆ ಅನ್ನುವುದು ಬೇರೆ ಮಾತು, ಸಾಕಷ್ಟು ಅಯೋಡಿನ್ ಇರುವ ಉಪ್ಪು ತಿನ್ನುವ ನಮಗೆ ಆ ಭಯ ಬೇಡ.

"ನನ್ನ ಗೆಳತಿಗೆ ಭಾರೀ ಗುಣ ಕಂಡಿತು, ನನಗೆ ಯಾಕಿಲ್ಲ?" ಅಂತ ಕೇಳುವವರೂ ಇದ್ದಾರೆ. ಅದಕ್ಕೂ ಕಾರಣ ಇದೆ. ಕುರಿಯ ಹೊಟ್ಟೆಯ ಇಕ್ವಾಲ್ ಹೇಳಿದೆನಲ್ಲ, ನಮ್ಮಲ್ಲಿ ಅದನ್ನು ಮಾಡಿಕೊಡುವುದು ಕರುಳಿನ ಬ್ಯಾಕ್ಟೀರಿಯಾ. ಅವು ಎಲ್ಲರ ಹೊಟ್ಟೆಯಲ್ಲಿ ಇಲ್ಲ. ಜಪಾನ್, ಚೀನಾದ ಕಡೆ ಸುಮಾರು ಅರ್ಧ ಜನಕ್ಕೆ ಉಂಟು, ಪಶ್ಚಿಮದ ದೇಶಗಳಲ್ಲಿ ಮೂರು ನಾಲ್ಕರಲ್ಲಿ ಒಬ್ಬರಿಗೆ. ಹಾಗಾಗಿ ಒಂದೇ ಡಬ್ಬಿಯ ಕ್ಯಾಪ್ಸೂಲ್ ಇಬ್ಬರಲ್ಲಿ ಎರಡು ಔಷಧಿಯ ಹಾಗೆ ವರ್ತಿಸಬಹುದು. ಭಜನಾ ಮಂಡಳಿಯಲ್ಲಿ ಯಾರಿಗೆ ಗುಣ ಆಯಿತು ಅನ್ನುವುದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಸೈಡ್ ಎಫೆಕ್ಟಿಗೆ ಬರುತ್ತೇನೆ. ಹೊಟ್ಟೆ ಉಬ್ಬರ, ಮಲಬದ್ಧತೆ ಅಥವಾ ಭೇದಿ, ತಲೆನೋವು, ಸ್ತನದಲ್ಲಿ ಸ್ವಲ್ಪ ನೋವು. ಇವು ಸಾಮಾನ್ಯ, ನಿಲ್ಲಿಸಿದರೆ ಹೋಗುತ್ತವೆ. ನನಗೆ ಇದರಲ್ಲಿ ಚಿಂತೆ ಇಲ್ಲ. ಚಿಂತೆ ಇರುವುದು ಗರ್ಭಕೋಶದ ಒಳಪದರದ್ದು.

ಕೆಲವು ವರ್ಷದ ಹಿಂದಿನ ಮಾತು. ಮಲ್ಪೆ ಕಡೆಯ ಹೆಂಗಸು, 54 ವರ್ಷ. ಮುಟ್ಟು ನಿಂತು ಐದು ವರ್ಷವಾಗಿತ್ತು. ಸ್ವಲ್ಪ ದಪ್ಪ, ಶುಗರ್ ಬೇರೆ. ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅದರಿಂದ ಒಂದೊಂದಾಗಿ ನಾಲ್ಕು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು, ಮೂರು ಖಾಲಿ. "ಡಾಕ್ಟ್ರೆ, ಮೂರು ತಿಂಗಳಿಂದ ಆಗಾಗ ಬ್ಲೀಡಿಂಗ್. ಇದು ಕೊಟ್ಟವರನ್ನು ಕೇಳಿದೆ. ಮೈಯಲ್ಲಿದ್ದ ಕೆಟ್ಟ ರಕ್ತ ಹೊರಗೆ ಹೋಗ್ತಾ ಉಂಟು, ಔಷಧಿ ಹಿಡಿದಿದೆ ಅಂತ ಅರ್ಥ, ಇನ್ನೊಂದು ಜಾಸ್ತಿ ತಕೊಳ್ಳಿ ಅಂದ್ರು." ಅವರು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದರು. ಎರಡು ಇದ್ದದ್ದು ಮೂರಾಗಿ ನಾಲ್ಕಾಗಿತ್ತು.

ಸ್ಕ್ಯಾನಿಂಗಿನಲ್ಲಿ ಒಳಪದರ 11 ಮಿ.ಮೀ. ಮುಟ್ಟು ನಿಂತವರಿಗೆ ರಕ್ತ ಕಂಡಾಗ 4 ಮಿ.ಮೀ. ದಾಟಿದರೆ ನಾವು ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಕಳಿಸಿದೆವು. ರಿಪೋರ್ಟ್ ಬರುವ ತನಕ ಅವರ ಮಗ ದಿನಾ ಫೋನ್ ಮಾಡುತ್ತಿದ್ದ. ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಪದರ ದಪ್ಪ ಆಗಿತ್ತು ಅಷ್ಟೇ, ಹೈಪರ್‌ಪ್ಲೇಸಿಯಾ ಅನ್ನುತ್ತೇವೆ. ಡಬ್ಬಿ ನಿಲ್ಲಿಸಿ, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಕೊಟ್ಟು, ಆರು ತಿಂಗಳಲ್ಲಿ ಸರಿಯಾಯಿತು. ಕ್ಯಾಪ್ಸೂಲಿನಿಂದಲೇ ಹೀಗಾಯಿತು ಅಂತ ನಾನು ಆಣೆ ಹಾಕಿ ಹೇಳುವುದಿಲ್ಲ. ತೂಕ, ಶುಗರ್ ಇದ್ದವರಿಗೆ ಅದಿಲ್ಲದೆಯೂ ಆಗುತ್ತದೆ. ಆದರೆ 'ಕೆಟ್ಟ ರಕ್ತ' ಅಂತ ಮೂರು ತಿಂಗಳು ಕೂತದ್ದು ಇದೆಯಲ್ಲ, ಅದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದು ನಿಜವಾದ ಕ್ಯಾನ್ಸರ್ ಆಗಿದ್ದರೆ ಆ ಮೂರು ತಿಂಗಳನ್ನು ಯಾರು ವಾಪಸು ಕೊಡುತ್ತಿದ್ದರು?

ಈಗ ಆ 140. ಇಟಲಿಯಲ್ಲಿ ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 150 ಮಿ.ಗ್ರಾಂ ಸೋಯಾ ಐಸೊಫ್ಲೇವೋನನ್ನು ಐದು ವರ್ಷ ಕೊಟ್ಟು ನೋಡಿದರು, 2004ರಲ್ಲಿ ಪ್ರಕಟವಾಯಿತು. ಎರಡೂವರೆ ವರ್ಷದ ತನಕ ಏನೂ ಕಾಣಲಿಲ್ಲ. ಐದನೇ ವರ್ಷ ನೂರರಲ್ಲಿ ಮೂರಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಒಳಪದರ ಹೀಗೆ ದಪ್ಪಗಾಗಿತ್ತು. ಖಾಲಿ ಮಾತ್ರೆಯವರಲ್ಲಿ ಒಬ್ಬರಿಗೂ ಇಲ್ಲ. ಯಾರಿಗೂ ಕ್ಯಾನ್ಸರ್ ಆಗಿರಲಿಲ್ಲ, ಅದನ್ನೂ ಹೇಳಬೇಕು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಎಲ್ಲ ಪರಿಶೀಲಿಸಿ, ಮುಟ್ಟು ನಿಂತ ಆರೋಗ್ಯವಂತರಿಗೆ ಮಾಮೂಲು ಪ್ರಮಾಣದಲ್ಲಿ ಸ್ತನಕ್ಕೆ, ಗರ್ಭಕೋಶಕ್ಕೆ, ಥೈರಾಯ್ಡಿಗೆ ತೊಂದರೆ ಕಾಣುತ್ತಿಲ್ಲ ಅಂತ ಹೇಳಿತು. ಅದರಲ್ಲೂ ಗರ್ಭಕೋಶದ ಮಾತು ಎರಡೂವರೆ ವರ್ಷದ ಬಳಕೆಗೆ ಸೀಮಿತ. ಹಾಗಾಗಿ ಮೂರು ವಾರಕ್ಕೆ ನಿಮಗೆ ಏನೂ ಆಗಿಲ್ಲ, ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಡಬ್ಬಿ ಮುಗಿದಂತೆ ಇನ್ನೊಂದು ಡಬ್ಬಿ ತರಿಸಿ ವರ್ಷಗಟ್ಟಲೆ ಹೋಗುವ ಪ್ರಮಾಣ ಇದಲ್ಲ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ಕಷಾಯ ಕುಡಿಯುತ್ತೇವಲ್ಲ. ಎಷ್ಟು? ಒಂದು ಸಣ್ಣ ಲೋಟ. ಎಷ್ಟು ದಿನ? ವರ್ಷಕ್ಕೆ ಒಂದೇ ದಿನ. ಕುಡಿದ ಮೇಲೆ ಉಷ್ಣ ಆಗಬಾರದು ಅಂತ ಮೆಂತೆ ಗಂಜಿ. ಮರ ಗುರುತಿಸಲು ಬರುವವರೇ ಹೋಗಿ ತರಬೇಕು, ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ಕೆತ್ತಿದರೆ ಪ್ರಾಣಕ್ಕೇ ಕುತ್ತು. ನಮ್ಮ ಅಜ್ಜಿ ಮಾತ್ರೆ ಕಂಡವರಲ್ಲ, ಆದರೂ ಯಾವ ಗಿಡ, ಎಷ್ಟು, ಎಷ್ಟು ದಿನ, ಮೇಲೆ ಎಂತ ತಿನ್ನಬೇಕು ಅಂತ ನಾಲ್ಕೂ ಹೇಳುತ್ತಿದ್ದರು. ನಿಮಗೆ ಡಬ್ಬಿ ಕೊಟ್ಟವರು ಈ ನಾಲ್ಕರಲ್ಲಿ ಎಷ್ಟು ಹೇಳಿದರು?

ಶತಾವರಿ ಬಗ್ಗೆ ಎರಡೇ ಮಾತು. ಹಲವು ಮಕ್ಕಳ ತಾಯಿ ಬೇರು ಅಂತ ಕನ್ನಡದಲ್ಲಿ ಹೆಸರೇ ಇರುವ ಗಿಡ, ಬಾಣಂತಿಯರಿಗೆ ಲೇಹ್ಯದಲ್ಲಿ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಸೋಯಾದ ಹಾಗೆ ಅಳೆದು ತೂಗಿದ ಈಸ್ಟ್ರೋಜನ್ ಅದರಲ್ಲಿಲ್ಲ. ಬಿಸಿ ಏರುವುದಕ್ಕೆ ಅದನ್ನೇ ಬೇಕು ಅನ್ನುವವರು ಒಳ್ಳೆಯ ಆಯುರ್ವೇದ ವೈದ್ಯರನ್ನು ಕಂಡು, ಅದೊಂದನ್ನೇ ತೆಗೆದುಕೊಳ್ಳಿ. ಐದು ಗಿಡ ಬೆರೆಸಿದ ಕ್ಯಾಪ್ಸೂಲಿನಲ್ಲಿ ಗುಣ ಆದರೂ, ಅಲರ್ಜಿ ಆದರೂ, ಯಾವುದರಿಂದ ಅಂತ ಯಾರಿಗೂ ತಿಳಿಯುವುದಿಲ್ಲ.

ಬ್ಲ್ಯಾಕ್ ಕೊಹೋಶ್ ಅಮೆರಿಕದ ಗಿಡ. ಅದು ಸಸ್ಯದ ಈಸ್ಟ್ರೋಜನ್ ಅಂತ ಮೊದಲು ಅಂದುಕೊಂಡಿದ್ದರು, ಈಗ ಹಾಗೆ ಅನ್ನುವುದಿಲ್ಲ. ಅಪರೂಪಕ್ಕೆ ಲಿವರ್ ಕೆಡಿಸಿದ ಉದಾಹರಣೆಗಳಿವೆ. ಆಸ್ಟ್ರೇಲಿಯಾದಲ್ಲಿ ಇದಿರುವ ಡಬ್ಬಿಯ ಮೇಲೆ ಲಿವರಿನ ಎಚ್ಚರಿಕೆ ಹಾಕಲೇಬೇಕು. ನಿಮ್ಮ ಡಬ್ಬಿಯ ಮೇಲೆ ಅಂಥದ್ದೇನೂ ಕಾಣಲಿಲ್ಲ. ಊಟ ಸೇರದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾದರೆ ಅದೇ ದಿನ ಕ್ಯಾಪ್ಸೂಲ್ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. ಕಾಮಾಲೆಗೆ ಅಂತ ಮತ್ತೊಂದು ಕಷಾಯ ಹುಡುಕಿಕೊಂಡು ಹೋಗಬೇಡಿ, ದಯವಿಟ್ಟು. ವಾರ್ಫರಿನ್‌ನಂಥ ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರು ಇಂಥ ಯಾವ ಬೆರಕೆಯನ್ನೂ ಹೇಳದೆ ಕೇಳದೆ ಶುರು ಮಾಡಬಾರದು. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ.

ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆ, 'ಗವರ್ನಮೆಂಟ್ ಅಪ್ರೂವ್ಡ್' ಅಂತ ನಿಮಗೆ ಹೇಳಿರಬಹುದು. ಅದು ಆಹಾರ ತಯಾರಿಸುವ ಲೈಸೆನ್ಸ್. ಬಿಸ್ಕಿಟಿನ ಪ್ಯಾಕೆಟ್ಟಿನ ಮೇಲೂ ಇರುತ್ತದೆ. ಗುಣ ಆಗುತ್ತದೆ ಅಂತ ಯಾರೂ ಪರೀಕ್ಷೆ ಮಾಡಿ ಸೀಲ್ ಹಾಕಿದ್ದಲ್ಲ.

ಚಿಕ್ಕಮ್ಮನಿಗೆ? ಬೇಡ. ಖಂಡಿತ ಬೇಡ. ಅವರು ತೆಗೆದುಕೊಳ್ಳುತ್ತಿರುವ ಮಾತ್ರೆ ಹೆಚ್ಚಾಗಿ ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೋಜೋಲ್ ಇರಬೇಕು. ಒಂದು ಈಸ್ಟ್ರೋಜನ್‌ನ ಸೀಟಿಗೆ ಅಡ್ಡ ಕೂರುತ್ತದೆ, ಇನ್ನೊಂದು ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತದೆ. ಅಲ್ಲಿಗೆ ನಾವು ಬೇರೆ ಬಾಗಿಲಿನಿಂದ ಅರ್ಧ ಟಿಕೆಟಿನವರನ್ನು ಹತ್ತಿಸಬಾರದು. ಅವರ ಬಿಸಿ ಏರುವುದಕ್ಕೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಕ್ಯಾನ್ಸರ್ ಡಾಕ್ಟ್ರನ್ನೇ ಕೇಳಲಿ, ಯಾಕೆಂದರೆ ಅದರಲ್ಲೂ ಪ್ಯಾರಾಕ್ಸೆಟಿನ್‌ನಂಥದ್ದು ಟ್ಯಾಮಾಕ್ಸಿಫೆನ್ ಜೊತೆ ಆಗುವುದಿಲ್ಲ.

ಆದರೆ ಅವರ ಮನೆಯಲ್ಲಿ ಮೀಲ್ ಮೇಕರ್ ಪಲ್ಯ ಮಾಡಿದರೆ ಅದನ್ನು ತಟ್ಟೆಯಿಂದ ಎತ್ತಬೇಡಿ. ಚೀನಾದ ಶಾಂಘೈಯಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 5,000ಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದರು, 2009ರಲ್ಲಿ ವರದಿ ಬಂತು. ಊಟದಲ್ಲಿ ಸೋಯಾ ಜಾಸ್ತಿ ಇದ್ದವರಲ್ಲಿ ಕ್ಯಾನ್ಸರ್ ಮರಳುವುದೂ ಸಾವೂ ಕಡಿಮೆ ಇತ್ತು. ಊಟದ ಸೋಯಾದಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ಹೆದರಿಕೆಗೆ ಆಧಾರ ಇಲ್ಲ. ಊಟದ ಭರವಸೆಯನ್ನು ಕ್ಯಾಪ್ಸೂಲಿಗೆ ಎತ್ತಿ ಹಾಕುವಂತಿಲ್ಲ, ಅಷ್ಟೇ. ಯಜಮಾನರೂ ತಿನ್ನಬಹುದು. "ಗಂಡಸರಿಗೆ ಆಗದಂತೆ" ಅಂತ ನನ್ನ ಹತ್ತಿರ ಪಿಸುಗುಟ್ಟಿ ಕೇಳಿದವರು ಎಷ್ಟೋ ಮಂದಿ. ಪಲ್ಯದಷ್ಟು ಸೋಯಾದಿಂದ ಗಂಡಸರ ಹಾರ್ಮೋನಿಗೆ ಏನೂ ಆಗುವುದಿಲ್ಲ.

ಮಗಳಿಗೂ ಬೇಡ. ಅವಳ ಬಸ್ಸು ಖಾಲಿ ಇಲ್ಲ, ಅವಳ ಅಂಡಾಶಯ ಈಸ್ಟ್ರೋಜನ್ ಮಾಡುತ್ತಲೇ ಇದೆ. ಪಿಸಿಓಡಿಯಲ್ಲಿ ಕೊರತೆ ಇರುವುದು ಅಂಡ ಸರಿಯಾದ ಸಮಯಕ್ಕೆ ಬಿಡುಗಡೆ ಆಗುವುದರದ್ದು. ಅಮ್ಮನ ಡಬ್ಬಿ ಮಗಳಿಗೆ, ಮಗಳದ್ದು ಅಮ್ಮನಿಗೆ, ಹೀಗೆ ಹಂಚಿಕೊಳ್ಳಲು ಇದು ಹಲಸಿನ ಹಪ್ಪಳ ಅಲ್ಲ ಮಾರಾಯ್ರೆ. ಅವಳನ್ನು ಬೇರೆಯಾಗಿ ಕರೆದುಕೊಂಡು ಬನ್ನಿ.

ಇನ್ನು ನಿಮಗೆ ನಾನೇನು ಹೇಳುತ್ತೇನೆ? ದಿನಕ್ಕೆ ಏಳೆಂಟು ಸಲ, ರಾತ್ರಿ ಎರಡು ಸಲ ಬಟ್ಟೆ ಬದಲಾಯಿಸುವುದು ಸಣ್ಣ ತೊಂದರೆ ಅಲ್ಲ. ಸಹಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹಾರ್ಮೋನ್ ಚಿಕಿತ್ಸೆಯ ಹೆಸರು ಎತ್ತಿದರೆ ಎಲ್ಲರೂ ಬೆಚ್ಚುತ್ತಾರೆ. ಅಮೆರಿಕದ ಒಂದು ದೊಡ್ಡ ಅಧ್ಯಯನ 2002ರಲ್ಲಿ ಅರ್ಧಕ್ಕೇ ನಿಂತ ಸುದ್ದಿಯಿಂದ ಹುಟ್ಟಿದ ಹೆದರಿಕೆ ಅದು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ನಿಮಗೆ 50. 60 ದಾಟದ, ಮುಟ್ಟು ನಿಂತು 10 ವರ್ಷವಾಗದ, ಬೇರೆ ಅಡ್ಡಿ ಇಲ್ಲದವರಿಗೆ ತೊಂದರೆ ಜೋರಿದ್ದರೆ ಲಾಭದ ತಕ್ಕಡಿಯೇ ಭಾರ ಅಂತ ಈಗ ಒಪ್ಪಿದ್ದಾರೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೊಡುತ್ತೇವೆ, ಒಳಪದರ ದಪ್ಪಗಾಗದ ಹಾಗೆ. ನಿಮ್ಮ ಕ್ಯಾಪ್ಸೂಲಿನಲ್ಲಿ ಆ ಕಾವಲು ಇಲ್ಲ. ಚಿಕ್ಕಮ್ಮನ ಕ್ಯಾನ್ಸರ್ ಒಂದರಿಂದಲೇ ನಿಮಗೆ ಬಾಗಿಲು ಮುಚ್ಚುವುದಿಲ್ಲ. ಆದರೆ ಅವರಿಗೆ ಯಾವ ವಯಸ್ಸಿನಲ್ಲಿ ಆಯಿತು, ಮನೆಯಲ್ಲಿ ಬೇರೆ ಯಾರಿಗೆ ಇತ್ತು ಅಂತ ಕೇಳಿಕೊಂಡು ಬನ್ನಿ. ಅಪ್ಪನ ಕಡೆಯದ್ದೂ ಕೇಳಿ. ಅತ್ತೆ, ದೊಡ್ಡಪ್ಪನ ಮಗಳು, ಇವರನ್ನು ಹೇಳಲು ಎಲ್ಲರೂ ಮರೆಯುತ್ತಾರೆ. ಮ್ಯಾಮೊಗ್ರಾಮ್ ಒಂದು ಆಗಬೇಕು.

ಹಾರ್ಮೋನ್ ಬೇಡವೇ ಬೇಡ ಅಂದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್ ಇವೆ. ರಾತ್ರಿಯ ಬೆವರಿಗೆ ಎರಡನೆಯದು ನಾನು ಹೆಚ್ಚು ಬರೆಯುತ್ತೇನೆ, ನಿದ್ದೆಯೂ ಬರುತ್ತದೆ. ಮೂಳೆಗೆ ಕ್ಯಾಪ್ಸೂಲ್ ನಂಬಬೇಡಿ. ನಡೆಯಿರಿ, ಬೂತಾಯಿಯನ್ನು ಮುಳ್ಳಿನ ಸಮೇತ ಅಗಿದು ತಿನ್ನಿ, ಮೀನು ತಿನ್ನದವರಿಗೆ ರಾಗಿ, ಎಳ್ಳು ಇದೆ.

ಇಷ್ಟೆಲ್ಲ ಕೇಳಿಯೂ ಕ್ಯಾಪ್ಸೂಲಿನ ಮೇಲೆ ಮನಸ್ಸಿದ್ದರೆ ನಾನು ಜಗಳ ಮಾಡುವುದಿಲ್ಲ. ಈ ಡಬ್ಬಿ ಬಿಡಿ. ಸೋಯಾ ಐಸೊಫ್ಲೇವೋನ್ ಒಂದೇ ಇರುವ, ಎಷ್ಟು ಮಿ.ಗ್ರಾಂ ಅಂತ ಸ್ಪಷ್ಟ ಬರೆದಿರುವ, ದಿನಕ್ಕೆ 50ರ ಆಸುಪಾಸಿನದ್ದು ತೆಗೆದುಕೊಳ್ಳಿ, ಮಧ್ಯಾಹ್ನ ಊಟದ ಜೊತೆ. ಕ್ಯಾಲೆಂಡರಿನಲ್ಲಿ ದಿನಾ ಎಷ್ಟು ಸಲ ಬಿಸಿ ಏರಿತು ಅಂತ ಗೀಟು ಹಾಕಿ. ಮೂರು ತಿಂಗಳಾದ ಮೇಲೆ ಗೀಟು ಎಣಿಸಿ ನೋಡಿ. ಕಡಿಮೆ ಆಗದಿದ್ದರೆ ದುಡ್ಡು ದಂಡ ಮಾಡಬೇಡಿ. ಕಡಿಮೆ ಆಗಿದ್ದರೂ ವರ್ಷಕ್ಕೊಮ್ಮೆ ಬಂದು ತೋರಿಸಿ. ನಡುವೆ ಒಂದು ಹನಿ ರಕ್ತ ಕಂಡರೂ, ಬಟ್ಟೆಗೆ ಬರೀ ಕಂದು ಕಲೆ ಆದರೂ, ಅದೇ ವಾರ ಸ್ಕ್ಯಾನಿಂಗ್.

ಬರುವಾಗ ಹಳೆಯ ಟಿಎಸ್‌ಎಚ್ ರಿಪೋರ್ಟ್ ತನ್ನಿ. ಡಬ್ಬಿಯನ್ನೂ ತನ್ನಿ, ಖಾಲಿ ಆಗಿದ್ದರೂ ಸರಿ. ಅಕ್ಕಿ ಹಿಟ್ಟೋ ಕೊತ್ತಂಬರಿಯೋ ಹಾಕಿಡಲು ಅದರ ಲೇಬಲ್ ಕಿತ್ತು ತೊಳೆಯಬೇಡಿ.